ಮೊದಲು ಹೋಗುವುದು ಕಪ್ಪು

ಹಳೆಯ ಚಿತ್ತಾರದ ಹತ್ತಿಬಟ್ಟೆ ಮೇಜಿನ ಮೇಲೆ ಬಂದಾಗ ನಾನು ಮೊದಲು ಹುಡುಕುವುದು ಕಪ್ಪು ಗೆರೆಗಳನ್ನು. ಹೂವಿನ ಕೆಂಪು ಇನ್ನೂರು ವರ್ಷ ಕಳೆದರೂ ಕಣ್ಣು ಸೆಳೆಯಬಹುದು, ನೀಲಿ ಮಾಸದೆ ಉಳಿದಿರಬಹುದು. ಬಟ್ಟೆ ಹರಿಯಲು ತೊಡಗುವುದು ಮಾತ್ರ ಕಪ್ಪಿನಿಂದ. ಎಲೆಯ ಸುತ್ತ ಗೆರೆ ಇದ್ದ ಜಾಗದಲ್ಲಿ ನೂಲೇ ಇರುವುದಿಲ್ಲ, ಎಲೆ ಒಂದೆರಡು ಎಳೆಗಳ ಆಸರೆಯಲ್ಲಿ ಉಳಿದಿರುತ್ತದೆ. ಇಲಿ ಕಡಿದಿದೆ, ಹುಳು ತಿಂದಿದೆ ಎಂದು ಮನೆಯವರು ಹೇಳುತ್ತಾರೆ. ಹುಳು ಹೀಗೆ ಚಿತ್ರದ ಗೆರೆ ಹಿಡಿದು ತಿನ್ನುವುದಿಲ್ಲ. ಇಲ್ಲಿ ನೂಲನ್ನು ತಿಂದದ್ದು ಬಣ್ಣವೇ.

ಕೊಡಗಿನಲ್ಲಿ ವಸ್ತ್ರ ಸಂರಕ್ಷಣೆಯ ಕೆಲಸ ಮಾಡುತ್ತಾ ನಾನು ಕಲಿತದ್ದೆಲ್ಲ ಇದೇ ಮಾತಿಗೆ ಬಂದು ನಿಲ್ಲುತ್ತದೆ: ಬಣ್ಣ ಕಟ್ಟಿದ ಬಗೆ ತಿಳಿಯದೆ ಬಟ್ಟೆಗೆ ಕೈ ಹಾಕಬಾರದು. ಮಡಿಕೇರಿ ಕೋಟೆಯೊಳಗಿನ ಹಳೆಯ ಚರ್ಚ್ ಕಟ್ಟಡದಲ್ಲಿರುವ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಕಲ್ಲಿನ ಶಿಲ್ಪಗಳನ್ನೂ ಆಯುಧಗಳನ್ನೂ ನೋಡಬಹುದು. ಕಲ್ಲು ಈ ಮಳೆಯನ್ನು ತಾಳಿಕೊಳ್ಳುತ್ತದೆ. ಹತ್ತಿ ತಾಳಿಕೊಳ್ಳುವುದಿಲ್ಲ. ಹಾಗಾಗಿ ಇಲ್ಲಿ ಉಳಿದಿರುವ ಹಳೆಯ ಚಿತ್ತಾರದ ಬಟ್ಟೆಗಳಲ್ಲಿ ನನ್ನ ಕೈಗೆ ಬಂದವು ಹೆಚ್ಚಾಗಿ ಐನ್‌ಮನೆಗಳ, ಅಂದರೆ ಕೊಡವ ಕುಲಗಳ ಮೂಲಮನೆಗಳ, ಪೆಟ್ಟಿಗೆಗಳಿಂದ, ಎಸ್ಟೇಟ್ ಬಂಗಲೆಗಳ ಕಪಾಟುಗಳಿಂದ ಹೊರಬಂದವು. ನಾನು ಈಗ ನೋಡಿಕೊಳ್ಳುತ್ತಿರುವುದು ಅಂಥದೇ ಒಂದು ಖಾಸಗಿ ಸಂಗ್ರಹ. ಅದರಲ್ಲಿ ಕೈಯಿಂದ ಬರೆದ ಒಂದು ದೊಡ್ಡ ಮೇಲುಹಾಸು, ಅಚ್ಚು ಒತ್ತಿದ ಕೆಲವು ತುಂಡುಗಳು, ಬ್ರಿಟನ್ನಿನ ಗಿರಣಿಗಳಿಂದ ಬಂದ ಕೆಂಪು ಅಚ್ಚುಬಟ್ಟೆಗಳು ಇವೆ.

ಯಾವುದು ಯಾವ ಬಗೆಯದು ಎಂದು ತಿಳಿಯಲು ನಾನು ಬಟ್ಟೆಯನ್ನು ಮಗುಚಿ ಹಾಕುತ್ತೇನೆ. ಮುಂಭಾಗ ನೋಡುವವರಿಗಾಗಿ ಮಾಡಿದ್ದು, ಮಾಡಿದವನ ಕೈ ಕಾಣುವುದು ಹಿಂಭಾಗದಲ್ಲಿ. ಕಲಂ ಎಂಬ ಬಿದಿರಿನ ಲೇಖನಿಯಿಂದ ಬರೆದ ಗೆರೆ ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ. ಲೇಖನಿಯಲ್ಲಿ ಬಣ್ಣ ತುಂಬಿದ್ದಾಗ ಹಿಂದಕ್ಕೆ ಇಳಿದಿರುತ್ತದೆ, ಬರಿದಾಗುತ್ತಾ ಬಂದ ಹಾಗೆ ಮೇಲೆ ಮೇಲೆ ಉಳಿದಿರುತ್ತದೆ. ಎರಡು ಹೂವುಗಳು ಒಂದೇ ಥರ ಇರುವುದಿಲ್ಲ. ಮರದ ಅಚ್ಚಿನ ಕೆಲಸವಾದರೆ ಒಂದು ಅಚ್ಚು ಮುಗಿದು ಇನ್ನೊಂದು ಶುರುವಾಗುವ ಕಡೆ ಕೂದಲೆಳೆಯಷ್ಟು ಅಂತರವೋ, ಒಂದರ ಮೇಲೊಂದು ಬಿದ್ದ ಕಡುಗೆರೆಯೋ ಸಿಕ್ಕೇ ಸಿಗುತ್ತದೆ. ಆ ಕೂಡು ಸಿಕ್ಕರೆ ಅಳತೆಪಟ್ಟಿ ಇಟ್ಟು ಅಚ್ಚಿನ ಅಗಲವನ್ನೂ ಬರೆದುಕೊಳ್ಳುತ್ತೇನೆ. ತಾಮ್ರದ ಉರುಳೆಯಿಂದ ಮುದ್ರಿಸುವ ಯಂತ್ರಕ್ಕೆ ಸ್ಕಾಟ್ಲೆಂಡಿನ ಥಾಮಸ್ ಬೆಲ್ ಪೇಟೆಂಟ್ ಪಡೆದದ್ದು 1783ರಲ್ಲಿ. ಅಂಥ ಬಟ್ಟೆಯಲ್ಲಿ ಗೆರೆ ಸೂಜಿಮೊನೆಯಷ್ಟು ಸಣ್ಣ, ಚಿತ್ರ ಎಷ್ಟು ಗಜ ಹೋದರೂ ತಪ್ಪದೆ ಮರುಕಳಿಸುತ್ತದೆ. ನಮ್ಮ ಸಂಗ್ರಹದ ಕೆಂಪು ತುಂಡುಗಳನ್ನು ಮನೆಯವರು ತಲೆಮಾರುಗಳಿಂದ ನಮ್ಮ ನಾಡಿನ ಕೆಲಸವೆಂದೇ ನಂಬಿದ್ದರು. ಭೂತಗನ್ನಡಿಯ ಕೆಳಗೆ ಉರುಳೆಯ ಗೆರೆಗಳು ಸ್ಪಷ್ಟವಾಗಿ ಕಂಡವು. ಅದರಿಂದ ಅವುಗಳ ಬೆಲೆ ಕಡಿಮೆಯಾಗುವುದಿಲ್ಲ ಎಂದು ನಾನು ಅವರಿಗೆ ಹೇಳಿದೆ, ಈಗಲೂ ಹೇಳುತ್ತೇನೆ. ಭಾರತದ ಚಿತ್ತಾರದ ಬಟ್ಟೆಯ ಮೋಹಕ್ಕೆ ಹೆದರಿ ಫ್ರಾನ್ಸ್ 1686ರಲ್ಲಿ ಅದನ್ನು ನಿಷೇಧಿಸಿತು, ಇಂಗ್ಲೆಂಡ್ ಕಾಯಿದೆಯ ಮೇಲೆ ಕಾಯಿದೆ ತಂದಿತು. ಕೊನೆಗೆ ಅದೇ ಚಿತ್ತಾರವನ್ನು ಯಂತ್ರದಲ್ಲಿ ಮುದ್ರಿಸಿ ನಮಗೇ ಮಾರಿತು. ಆ ಇಡೀ ಕಥೆ ಕೊಡಗಿನ ಒಂದು ಪೆಟ್ಟಿಗೆಯೊಳಗೆ ಇದ್ದದ್ದು ನನಗೆ ದೊಡ್ಡ ಸಂಗತಿಯಾಗಿಯೇ ಕಂಡಿತು.

ಈಗ ಮೇಲುಹಾಸಿಗೆ ಬರುತ್ತೇನೆ. ಬಿಳಿಯ ನೆಲದ ಮೇಲೆ ಬಳ್ಳಿ ಹಬ್ಬಿದ ಹೂಮರ, ಸುತ್ತ ಅಗಲವಾದ ಅಂಚು. ಕೋರಮಂಡಲ ತೀರದ ಕೈಕೆಲಸದ ಲಕ್ಷಣಗಳೆಲ್ಲ ಅದರಲ್ಲಿವೆ. ಆ ಕೆಲಸದ ಕ್ರಮವನ್ನು ಕೆರ್ದು ಎಂಬ ಫ್ರೆಂಚ್ ಪಾದ್ರಿ 1742ರಲ್ಲಿ ಪತ್ರವೊಂದರಲ್ಲಿ ವಿವರವಾಗಿ ಬರೆದಿಟ್ಟಿದ್ದಾನೆ. ಶ್ರೀಕಾಳಹಸ್ತಿಯ ಕುಶಲಕರ್ಮಿಗಳು ಇಂದಿಗೂ ಮಾಡುವ ಕೆಲಸದಲ್ಲಿ ಅದರ ಮುಖ್ಯ ಹಂತಗಳನ್ನು ಗುರುತಿಸಬಹುದು. ಮೊದಲು ಬಟ್ಟೆಯನ್ನು ಅಳಲೆಕಾಯಿಯ ರಸದಲ್ಲೂ ಎಮ್ಮೆಯ ಹಾಲಿನಲ್ಲೂ ಅದ್ದುತ್ತಾರೆ. ಅಳಲೆಯ ಒಗರು ನೂಲಿಗೆ ಹಿಡಿಯುತ್ತದೆ, ಹಾಲಿನ ಜಿಡ್ಡು ಬಣ್ಣ ಹರಡದಂತೆ ತಡೆಯುತ್ತದೆ. ತುಕ್ಕು ಹಿಡಿದ ಕಬ್ಬಿಣದ ಚೂರುಗಳನ್ನು ಬೆಲ್ಲದ ನೀರಿನಲ್ಲಿ ಕೊಳೆಯಿಸಿ ತೆಗೆದ ದ್ರಾವಣವನ್ನು ಕಲಂನಲ್ಲಿ ತುಂಬಿ ಎಳೆದರೆ, ಒಗರು ಇರುವ ಬಟ್ಟೆಯ ಮೇಲೆ ಅದು ನೋಡುನೋಡುತ್ತಲೇ ಕಪ್ಪಾಗುತ್ತದೆ. ಕೆಂಪು ಬೇಕಾದಲ್ಲಿ ಬಳಿಯುವುದು ಬಣ್ಣವನ್ನಲ್ಲ, ಪಟಿಕದ ನೀರನ್ನು. ಆಮೇಲೆ ಇಡೀ ಬಟ್ಟೆಯನ್ನು ಬಣ್ಣದ ಬೇರಿನ ಜೊತೆ ಕುದಿಸಿದರೆ ಪಟಿಕ ತಾಗಿದಲ್ಲಿ ಮಾತ್ರ ಕೆಂಪು ಶಾಶ್ವತವಾಗಿ ಕೂರುತ್ತದೆ; ಉಳಿದ ಕಡೆ ಅಂಟಿದ್ದು ಸಗಣಿ ನೀರು, ಬಿಸಿಲು, ಒಗೆತಗಳಲ್ಲಿ ಬಿಟ್ಟುಹೋಗಿ ನೆಲ ಬಿಳಿಯಾಗುತ್ತದೆ. ನೀಲಿಗೆ ಉಳಿದ ಭಾಗವನ್ನೆಲ್ಲ ಮೇಣದಿಂದ ಮುಚ್ಚಿ ನೀಲಿಯ ತೊಟ್ಟಿಗೆ ಇಳಿಸುತ್ತಾರೆ. ಹಳದಿಯನ್ನು ಕೊನೆಯಲ್ಲಿ ಕೈಯಿಂದ ಬಳಿಯುತ್ತಾರೆ. ಹಸಿರು ಎಂದರೆ ನೀಲಿಯ ಮೇಲೆ ಬಳಿದ ಹಳದಿ.

ಈ ಕ್ರಮದಲ್ಲೇ ಪ್ರತಿ ಬಣ್ಣದ ಆಯಸ್ಸೂ ಬರೆದಿದೆ. ಪಟಿಕ ಕಚ್ಚಿದ ಕೆಂಪು ಗಟ್ಟಿ. ನೀಲಿ ನೀರಿಗೆ ಹೆದರುವುದಿಲ್ಲ, ಆದರೆ ಉಜ್ಜಿದರೆ ಬಿಡುತ್ತದೆ. ಮಡಿಕೆಯ ಏಣಿನಲ್ಲಿ ಅದು ಸವೆದು ಬೆಳ್ಳಗಾಗಿರುವುದು ಅದಕ್ಕೇ. ಹಳದಿ ಬೆಳಕಿನಲ್ಲಿ ಬಹಳ ಕಾಲ ಬಾಳುವುದಿಲ್ಲ. ನಮ್ಮ ಮೇಲುಹಾಸಿನ ಎಲೆಗಳೆಲ್ಲ ನೀಲಿಯಾಗಿವೆ. ಅಂಚನ್ನು ಒಳಕ್ಕೆ ಮಡಚಿ ಹೊಲಿದಿದ್ದ ಒಂದು ಮೂಲೆಯಲ್ಲಿ, ಬೆಳಕು ಕಾಣದ ಬೆರಳಗಲ ಜಾಗದಲ್ಲಿ, ಒಂದು ಎಲೆಯ ತುದಿ ಇನ್ನೂ ಹಸಿರಾಗಿದೆ. ಉಳಿದ ಮರ ಒಂದು ಕಾಲಕ್ಕೆ ಹೇಗಿತ್ತು ಎಂಬುದಕ್ಕೆ ಸಾಕ್ಷಿ ಅಷ್ಟೇ. ಆ ಹೊಲಿಗೆಯನ್ನು ಬಿಚ್ಚಬಾರದು ಎಂದು ಕಡತದಲ್ಲಿ ಬರೆದಿಟ್ಟಿದ್ದೇನೆ.

ಕಪ್ಪಿನ ಕಷ್ಟ ಬೇರೆಯದೇ. ಕಬ್ಬಿಣ ಗಾಳಿಯ ಆಮ್ಲಜನಕವನ್ನು ನೂಲಿನ ಮೇಲೆ ಎಳೆದು ತರುತ್ತದೆ, ಒಗರಿನ ಆಮ್ಲ ನೂಲನ್ನು ಮುರಿಯುತ್ತದೆ. ಎರಡಕ್ಕೂ ತೇವ ಬೇಕು. ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಮಡಿಕೇರಿಯಲ್ಲಿ ತೇವಕ್ಕೆ ಬರವಿಲ್ಲ. ಈ ಸವೆತವನ್ನು ಹಿಂದಕ್ಕೆ ತಿರುಗಿಸುವ ಔಷಧಿ ಇಲ್ಲ. ನಿಧಾನ ಮಾಡಬಹುದು ಅಷ್ಟೇ. ಒದ್ದೆ ಮಾಡಿದರೆ ಕಬ್ಬಿಣ ಪಕ್ಕದ ನೂಲಿಗೂ ಹರಡುವ ಅಪಾಯವಿದೆ. ಹಾಗಾಗಿ ಮೇಲುಹಾಸನ್ನು ತೊಳೆಯಬಾರದೆಂದು ಮೊದಲೇ ತೀರ್ಮಾನಿಸಿದೆ.

ಆ ತೀರ್ಮಾನವನ್ನು ಮನೆಯ ಹಿರಿಯರಿಗೆ ಒಪ್ಪಿಸುವುದು ಸುಲಭವಿರಲಿಲ್ಲ. ಅಜ್ಜಿಗೆ ತಮ್ಮ ಅತ್ತೆಯಿಂದ ಬಂದ ಬಟ್ಟೆ ಅದು. “ಇಷ್ಟು ಕೊಳೆಯಾಗಿದೆಯಲ್ಲ ಮಗಳೇ, ಒಂದು ಸಲ ಸೋಪಿನ ನೀರಿನಲ್ಲಿ ಅದ್ದಿ ತೆಗೆಯಬಾರದೇ?” ಎಂದರು. “ಈ ಹಳದಿ ಎಲ್ಲಾದರೂ ಅರಿಶಿನದ್ದಾಗಿದ್ದರೆ ಸೋಪು ತಾಗಿದ ಕೂಡಲೇ ಕೆಂಪಾಗುತ್ತದೆ ಅಜ್ಜಿ” ಎಂದೆ. ಅಡುಗೆಮನೆಯಲ್ಲಿ ಆಯಸ್ಸು ಕಳೆದ ಅವರಿಗೆ ಮುಂದಿನ ವಿವರಣೆ ಬೇಕಾಗಲಿಲ್ಲ. “ಸೀರೆಯ ಮೇಲೆ ಸಾರು ಚೆಲ್ಲಿದ ಕಲೆಗೆ ಸೋಪು ಹಚ್ಚಿದರೆ ಆಗುವ ಹಾಗೆ, ಅಲ್ಲವೇ? ಹಾಗಾದರೆ ಬೇಡ ಬಿಡು” ಎಂದರು.

ಅರಿಶಿನವನ್ನು ಕೆಂಪಾಗಿಸುವುದು ಸೋಪಿನ ಕ್ಷಾರ. ಬಟ್ಟಿ ಇಳಿಸಿದ ನೀರಿನ ಒಂದು ಹನಿಯನ್ನು ಕಾಣದ ಜಾಗದಲ್ಲಿಟ್ಟು, ಒತ್ತುಕಾಗದ ಇಟ್ಟು, ಮೇಲೊಂದು ತೂಕ ಇಟ್ಟು ಕಾಗದಕ್ಕೆ ಬಣ್ಣ ಇಳಿಯುತ್ತದೆಯೇ ಎಂದು ನೋಡುವ ಪರೀಕ್ಷೆಯನ್ನು ಪ್ರತಿ ಬಣ್ಣಕ್ಕೂ ಬೇರೆಬೇರೆಯಾಗಿ ಮಾಡಬೇಕು. ಗಿರಣಿಯ ಕೆಂಪು ತುಂಡುಗಳು ಈ ಪರೀಕ್ಷೆಯಲ್ಲಿ ಅಲುಗಲಿಲ್ಲ. ಅವುಗಳನ್ನು ಸೋಪಿಲ್ಲದೆ, ನೈಲಾನ್ ಜಾಲರಿಯ ಚೌಕಟ್ಟಿನ ಮೇಲೆ ಮಲಗಿಸಿ ತೊಳೆದೆ.

ಮೇಲುಹಾಸನ್ನು ಒಣಗಿದ್ದಂತೆಯೇ ಶುಚಿ ಮಾಡಿದೆ. ಬಟ್ಟೆಯ ಮೇಲೆ ಸಣ್ಣ ಕಣ್ಣಿನ ಜಾಲರಿ ಹಾಸಿ, ಸೆಳೆತ ಬಹಳ ಕಡಿಮೆ ಮಾಡಿದ ವ್ಯಾಕ್ಯೂಮ್ ಯಂತ್ರದ ಬಾಯಿಯನ್ನು ಅದರ ಮೇಲೆ ಅಂಗೈಯಗಲ ಅಂಗೈಯಗಲವಾಗಿ ಎತ್ತಿ ಎತ್ತಿ ಇಟ್ಟೆ, ಎಳೆದಾಡಲಿಲ್ಲ. ಮುಂಭಾಗ, ಹಿಂಭಾಗ, ಮತ್ತೆ ಮುಂಭಾಗ. ಹೊರಬಂದ ಧೂಳಿನಲ್ಲಿ ಒಲೆಯ ಮಸಿ ಧಾರಾಳವಾಗಿತ್ತು. ಈ ಪೆಟ್ಟಿಗೆ ಬಹಳ ಕಾಲ ಅಡುಗೆಮನೆಯ ಮೇಲಿನ ಅಟ್ಟದಲ್ಲಿತ್ತಂತೆ. ಹೊಗೆ ಬಟ್ಟೆಯನ್ನು ಕಪ್ಪಾಗಿಸಿದ್ದು ನಿಜ, ಆದರೆ ಆ ಒಲೆಯ ಕಾವೇ ಅದನ್ನು ಬೂಷ್ಟಿನಿಂದ ಕಾಪಾಡಿರಬೇಕು. ಗುಜರಾತಿನಲ್ಲಿ ಅಚ್ಚು ಒತ್ತಿದ ಬಟ್ಟೆಯ ಚೂರುಗಳು ಈಜಿಪ್ಟಿನ ಒಣ ಮಣ್ಣಿನಲ್ಲಿ ಸಿಕ್ಕಿ, ಇಂದು ಆಕ್ಸ್‌ಫರ್ಡಿನ ಆಶ್ಮೋಲಿಯನ್ ಸಂಗ್ರಹಾಲಯದಲ್ಲಿವೆ; ಕೆಲವು ಸುಮಾರು ಸಾವಿರ ವರ್ಷ ಹಳೆಯವು. ಒಣಗಿದ್ದರೆ ಹತ್ತಿ ಅಷ್ಟು ಕಾಲ ಬಾಳುತ್ತದೆ.

ಹೊಲಿಗೆಗೆ ಎಲ್ಲಕ್ಕಿಂತ ಹೆಚ್ಚು ಸಮಯ ಹಿಡಿಯಿತು. ಕಪ್ಪು ಹೋದ ಕಡೆಯೆಲ್ಲ ಕೆಳಗೆ ಹೊಂದುವ ಬಣ್ಣದ ತೆಳು ಹತ್ತಿಬಟ್ಟೆ ಕೊಟ್ಟು, ಮೇಲೆ ಪಾರದರ್ಶಕವಾದ ತೆಳ್ಳನೆಯ ರೇಷ್ಮೆ ಹೊದಿಸಿ, ಬಾಗಿದ ಸೂಜಿಯಿಂದ ಎರಡನ್ನೂ ಕೂಡಿಸಬೇಕು. ಸೂಜಿ ಗಟ್ಟಿ ನೂಲಿರುವ ಕಡೆಯೇ ಇಳಿಯಬೇಕು, ಅದೂ ಎಳೆಗಳ ನಡುವೆ, ಎಳೆಯನ್ನು ಸೀಳಿಕೊಂಡು ಅಲ್ಲ. ಕಪ್ಪು ಗೆರೆಯ ಮೇಲೆ ಒಂದೂ ಹೊಲಿಗೆ ಬೀಳಬಾರದು. ಅದು ಮುಟ್ಟಿದರೆ ಪುಡಿಯಾಗುತ್ತದೆ. ಬಿಟ್ಟುಹೋದ ಗೆರೆಗಳನ್ನು ಬಣ್ಣದಿಂದ ಮತ್ತೆ ಬರೆದು ಪೂರ್ತಿ ಮಾಡಿ ಎಂದು ಕೇಳುವವರಿದ್ದಾರೆ. ನಾನು ಬರೆಯುವುದಿಲ್ಲ. ಆ ಗೆರೆ ಎಳೆದ ಕೈ ಬೇರೆ, ನನ್ನ ಕೈ ಬೇರೆ. ದೂರದಿಂದ ಚಿತ್ರ ಕೂಡಿಕೊಂಡಂತೆ ಕಾಣಬೇಕು, ಹತ್ತಿರ ಬಂದವರಿಗೆ ಎಲ್ಲಿ ಏನು ಹೋಗಿದೆ ಎಂದು ತಿಳಿಯಬೇಕು.

ಕೆಲಸದ ಕಾಲವನ್ನು ನಮ್ಮ ನಾಡಿನ ಹಬ್ಬಗಳ ಲೆಕ್ಕದಲ್ಲೇ ಇಟ್ಟುಕೊಂಡಿದ್ದೇನೆ. ನವೆಂಬರ್-ಡಿಸೆಂಬರಿನ ಸುಗ್ಗಿ ಹಬ್ಬ ಹುತ್ತರಿ ಕಳೆದ ಮೇಲೆ ಗಾಳಿ ಒಣಗುತ್ತದೆ. ಆಗ ತೆರೆದು ಹಾಸುವ, ಹೊಲಿಯುವ, ಚಿತ್ರ ತೆಗೆಯುವ ಕೆಲಸ. ಮಳೆ ಹಿಡಿಯುವ ಮೊದಲು ಎಲ್ಲವನ್ನೂ ಸುತ್ತಿಡಬೇಕು. ಜುಲೈ-ಆಗಸ್ಟಿನ ಬಿರುಮಳೆಯ ಕಕ್ಕಡ ತಿಂಗಳಲ್ಲಿ ಎಷ್ಟೇ ಮುಖ್ಯರು ಬಂದು ಕೇಳಿದರೂ ಮೇಲುಹಾಸನ್ನು ಬಿಚ್ಚುವುದಿಲ್ಲ. ಸೆಪ್ಟೆಂಬರಿನ ಆಯುಧಗಳ ಹಬ್ಬ ಕೈಲ್‌ಪೋದ್ ಮುಗಿದು ಮಳೆ ತಗ್ಗಿ, ಒಳ್ಳೆಯ ಬಿಸಿಲು ಬಂದ ದಿನ ಒಂದು ಪರಿಶೀಲನೆ.

ಮಳೆಗಾಲದಲ್ಲಿ ಇಲ್ಲಿನ ಮನೆಗಳಲ್ಲಿ ಬೀರುವಿನೊಳಗೆ ಬಲ್ಬು ಉರಿಸಿಡುವ ರೂಢಿಯಿದೆ. ಅದರ ಹಿಂದಿನ ತಿಳಿವಳಿಕೆ ಸರಿಯಾದದ್ದೇ: ಒಳಗಿನ ಗಾಳಿ ತುಸು ಬೆಚ್ಚಗಾದರೆ ತೇವಾಂಶದ ಪ್ರಮಾಣ ಇಳಿಯುತ್ತದೆ, ಶೇ 65 ದಾಟದಿದ್ದರೆ ಬೂಷ್ಟು ತಲೆ ಎತ್ತುವುದು ಕಷ್ಟ. ಕೆಡುಕು ಇರುವುದು ಬೆಳಕಿನಲ್ಲಿ, ಒಂದೇ ಕಡೆ ಬೀಳುವ ಕಾವಿನಲ್ಲಿ. ಹಾಗಾಗಿ ಸಂಗ್ರಹದ ಕೋಣೆಗೆ ತೇವ ಹೀರುವ ಯಂತ್ರ ಹಾಕಿಸಿದೆ, ಪ್ರತಿ ಕಪಾಟಿನಲ್ಲೂ ತೇವಮಾಪಕ ಇಟ್ಟೆ. ಕರೆಂಟು ದಿನಗಟ್ಟಲೆ ಹೋಗುವ ಊರಿನಲ್ಲಿ ಯಂತ್ರವೊಂದನ್ನೇ ನೆಚ್ಚಿಕೊಳ್ಳುವಂತಿಲ್ಲ. ಅದಕ್ಕೇ ಕಪಾಟುಗಳನ್ನು ಹೊರಗೋಡೆಯಿಂದ ದೂರ ಸರಿಸಿ, ನೆಲದಿಂದ ಗೇಣೆತ್ತರಕ್ಕೆ ಏರಿಸಿದ್ದೇವೆ.

ಮೇಲುಹಾಸನ್ನು ಮಡಚುವುದನ್ನು ನಿಲ್ಲಿಸಿದೆ. ಅಗಲವಾದ ಕೊಳವೆಗೆ ಪಾಲಿಯೆಸ್ಟರ್ ಹಾಳೆ ಹೊದಿಸಿ, ಮೇಲೆ ಆಮ್ಲರಹಿತ ಕಾಗದ ಸುತ್ತಿ, ಬಟ್ಟೆಯನ್ನು ಸಡಿಲವಾಗಿ ಸುರುಳಿ ಮಾಡಿ, ಗಂಜಿ ಪೂರ್ತಿ ಹೋಗುವ ತನಕ ಒಗೆದ ಮಲ್‌ಮಲ್ ಬಟ್ಟೆಯಿಂದ ಮುಚ್ಚಿದ್ದೇವೆ. ಗಂಜಿ ಉಳಿದರೆ ಬೆಳ್ಳಿಮೀನು ಹುಳುವಿಗೆ ಕರೆ ಕಳುಹಿಸಿದಂತೆ. ನುಸಿಗುಳಿಗೆ ಹಾಕುವುದಿಲ್ಲ. ಹೊಸದಾಗಿ ಬರುವ ಬಟ್ಟೆಯಲ್ಲಿ ಹುಳುವಿನ ಅನುಮಾನವಿದ್ದರೆ ಪಾಲಿಥೀನ್ ಚೀಲದಲ್ಲಿ ಗಾಳಿ ತೆಗೆದು ಮುಚ್ಚಿ, ಐಸ್‌ಕ್ರೀಮ್ ಅಂಗಡಿಗಳಲ್ಲಿರುವಂಥ ಫ್ರೀಜರಿನಲ್ಲಿ ಮೈನಸ್ 20 ಡಿಗ್ರಿಯಲ್ಲಿ ಎರಡು ವಾರ ಇಡುತ್ತೇನೆ. ಹೊರತೆಗೆದ ಮೇಲೆ ಕೋಣೆಯ ಬಿಸಿಗೆ ಬರುವವರೆಗೆ ಚೀಲ ಬಿಚ್ಚಬಾರದು, ಬಿಚ್ಚಿದರೆ ಬಟ್ಟೆಯ ಮೇಲೆಯೇ ನೀರು ಕೂರುತ್ತದೆ.

ಮನೆಯವರಿಗೆ ಅದನ್ನು ಗಾಜು ಹಾಕಿಸಿ ನಡುಮನೆಯಲ್ಲಿ ತೂಗುಹಾಕುವ ಆಸೆಯಿತ್ತು. ಜನ ನೋಡಬೇಕು ಎನ್ನುವುದು ನನ್ನ ಆಸೆಯೂ ಹೌದು. ಮಾತನಾಡಿ ಒಂದು ಒಪ್ಪಂದಕ್ಕೆ ಬಂದೆವು: ನಡುಮನೆಯಲ್ಲಿ ಅದರ ಪೂರ್ಣ ಗಾತ್ರದ ಛಾಯಾಚಿತ್ರ ಇರುತ್ತದೆ, ಮೂಲ ಬಟ್ಟೆಯನ್ನು ಬೇಸಗೆಯಲ್ಲಿ ಕೆಲವು ವಾರ, ಕಿಟಕಿ ಮುಚ್ಚಿದ ಕೋಣೆಯಲ್ಲಿ, 50 ಲಕ್ಸ್ (ಬೆಳಕಿನ ಅಳತೆ) ಮೀರದ ಮಂದ ಬೆಳಕಿನಲ್ಲಿ, ಓರೆಯಾದ ಹಲಗೆಯ ಮೇಲೆ ಮಲಗಿಸಿ ತೋರಿಸುತ್ತೇವೆ. ಆ ಬೆಳಕಿಗೆ ಕಣ್ಣು ಹೊಂದಿಕೊಳ್ಳಲು ಒಂದೆರಡು ನಿಮಿಷ ಬೇಕು. ಅದಕ್ಕಾಗಿ ಬಾಗಿಲಿನ ಹೊರಗಿನ ಮಬ್ಬು ಓಣಿಯಲ್ಲಿ ಒಂದು ಬೆಂಚು ಹಾಕಿಸಿದ್ದೇವೆ. ಬಂದವರು ಅಲ್ಲಿ ಕುಳಿತು, ಬಣ್ಣ ಕಟ್ಟಿದ ಕ್ರಮವನ್ನು ಓದಿಕೊಂಡು ಒಳಗೆ ಹೋಗುತ್ತಾರೆ.