ನಾಕೌಟ್ ಹುಡುಗರ ಲೀಗ್ ಸೀಸನ್

ಕೊಡಗಿನಲ್ಲಿ ಫುಟ್‌ಬಾಲ್ ಅಂದರೆ ಹೆಚ್ಚಿನವರ ಕಣ್ಣಿಗೆ ಬರುವುದು ಸೆವೆನ್ಸ್ ಟೂರ್ನಮೆಂಟ್. ಏಳು ಜನರ ತಂಡ, ಸಣ್ಣ ಮೈದಾನ, ಟ್ರೋಫಿ, ನಗದು ಬಹುಮಾನ. ಸೋತವರು ಬೂಟು ಬಿಚ್ಚಿ ಜೀಪ್ ಹತ್ತುತ್ತಾರೆ, ಗೆದ್ದವರು ಮುಂದಿನ ಆಟಕ್ಕೆ ಕಾಯುತ್ತಾರೆ. ಸುಂಟಿಕೊಪ್ಪ, ಸಿದ್ದಾಪುರ, ವಿರಾಜಪೇಟೆ ಕಡೆ ಈ ಆಟಗಳಿಗೆ ಸೇರುವ ಜನರನ್ನು ನೋಡಿದವರಿಗೆ ಗೊತ್ತು, ಕೊಡಗು ಬರೀ ಹಾಕಿಯ ನಾಡಲ್ಲ. ನಾನೂ ಅದನ್ನೇ ಆಡಿ ಬೆಳೆದವನು. ಆದರೆ ನಮ್ಮ ಕ್ಲಬ್ಬಿನ ಕೋಚ್ ಕೆಲಸ ನನ್ನ ಪಾಲಿಗೆ ಬಂದಾಗ ಎದುರಿಗಿದ್ದದ್ದು ಲೀಗ್. ಹನ್ನೊಂದು ಜನ, ದೊಡ್ಡ ಮೈದಾನ, ತೊಂಬತ್ತು ನಿಮಿಷ. ಸೋತರೂ ಮುಂದಿನ ಭಾನುವಾರ ಮತ್ತೆ ಬರಲೇಬೇಕು.

ಹೊಸ ಕೋಚ್ ಬಂದ ಅಂದ ಕೂಡಲೇ ಊರಿನವರು ಕಪ್ ಕೇಳುತ್ತಾರೆ. ಅದಕ್ಕೆ ಉದಾಹರಣೆಯೂ ಇದೆಯಲ್ಲ. 2013ರಲ್ಲಿ ಶುರುವಾದ ಬೆಂಗಳೂರು ಎಫ್‌ಸಿ, ಕೋಚ್ ಆಶ್ಲಿ ವೆಸ್ಟ್‌ವುಡ್ ಕೈಕೆಳಗೆ ಮೊದಲ ಸೀಸನ್‌ನಲ್ಲೇ ಆಗಿನ ದೇಶದ ದೊಡ್ಡ ಲೀಗ್ ಆದ ಐ-ಲೀಗ್ ಗೆದ್ದಿತು. ಆ ಕಥೆ ನನಗೂ ಇಷ್ಟ. ಆದರೆ ಅವರ ಆಟಗಾರರಿಗೆ ಫುಟ್‌ಬಾಲೇ ಕೆಲಸ. ನಮ್ಮವರಲ್ಲಿ ಒಬ್ಬ ಪಿಕಪ್ ಓಡಿಸುತ್ತಾನೆ, ಇಬ್ಬರು ಗ್ಯಾರೇಜಿನಲ್ಲಿದ್ದಾರೆ, ನಾಲ್ಕೈದು ಜನ ಕಾಲೇಜು, ಉಳಿದವರೆಲ್ಲ ತೋಟ. ಹಾಗಾಗಿ ಕಪ್ಪಿನ ಮಾತನ್ನು ನಾನು ಎತ್ತಲೇ ಇಲ್ಲ. ಕೈಲ್ ಮುಹೂರ್ತ ಹಬ್ಬ ಮುಗಿದು ಮಳೆ ಸ್ವಲ್ಪ ಬಿಟ್ಟ ಮೇಲೆ ಎಲ್ಲರನ್ನೂ ಕೂರಿಸಿ, ಕ್ಲಬ್ ರೂಮಿನ ಗೋಡೆಗೆ ಒಂದು ದೊಡ್ಡ ಹಾಳೆ ಅಂಟಿಸಿದೆ. ಅದರಲ್ಲಿ ಖಾಲಿ ಪಾಯಿಂಟ್ಸ್ ಪಟ್ಟಿ ಮಾತ್ರ ಇತ್ತು.

ಗೆದ್ದರೆ ಮೂರು, ಡ್ರಾ ಆದರೆ ಒಂದು ಅನ್ನುವುದು ಎಲ್ಲರಿಗೂ ಗೊತ್ತಿತ್ತು. ಅದರ ಲೆಕ್ಕ ಹೇಗೆ ಓಡುತ್ತದೆ ಅನ್ನುವುದನ್ನು ಯಾರೂ ಯೋಚಿಸಿರಲಿಲ್ಲ. ಮೊದಲು ಗೆಲುವಿಗೆ ಎರಡೇ ಪಾಯಿಂಟ್ ಇತ್ತು. ಇಂಗ್ಲೆಂಡ್ ಲೀಗ್ 1981ರಲ್ಲಿ ಅದನ್ನು ಮೂರು ಮಾಡಿತು, ವಿಶ್ವಕಪ್‌ಗೆ ಅದು ಬಂದದ್ದು 1994ರಲ್ಲಿ. ಹೀಗಾಗಿ ಮೂರು ಡ್ರಾ ಮಾಡಿದವನೂ, ಒಂದು ಗೆದ್ದು ಎರಡು ಸೋತವನೂ ಈಗ ಒಂದೇ ಕಡೆ ನಿಲ್ಲುತ್ತಾರೆ. ಸುಮ್ನೆ ಹಿಂದೆ ನಿಂತು ಆಡಿದರೆ ಲಾಭವಿಲ್ಲ. ಆದರೆ ಕೊನೇ ಹತ್ತು ನಿಮಿಷ ಒಂದೊಂದು ಗೋಲಿನ ಸಮ ಇದ್ದಾಗ ಎಲ್ಲರೂ ಮುಂದೆ ನುಗ್ಗಿ ಗೋಲು ತಿಂದರೆ, ಕೈಯಲ್ಲಿದ್ದ ಒಂದು ಪಾಯಿಂಟೂ ಹೋಗುತ್ತದೆ. ಸೆವೆನ್ಸ್‌ನಲ್ಲಿ ಸಮವಾದರೆ ಪೆನಾಲ್ಟಿ ಇದೆ. ಲೀಗ್‌ನಲ್ಲಿ ಅದಿಲ್ಲ. ಇದನ್ನು ಹುಡುಗರ ತಲೆಗೆ ಹಾಕುವುದೇ ಆ ವರ್ಷದ ಅರ್ಧ ಕೆಲಸವಾಯಿತು.

ಉಳಿದರ್ಧ ಆಫ್‌ಸೈಡ್. ಅಂದರೆ ನಮ್ಮವನು ಚೆಂಡು ಕೊಡುವ ಹೊತ್ತಿಗೆ, ಗೋಲಿಯನ್ನು ಬಿಟ್ಟು ಎದುರು ತಂಡದ ಕೊನೇ ಡಿಫೆಂಡರ್‌ಗಿಂತ ಮುಂದೆ ನಿಂತವನು ಆ ಚೆಂಡು ಆಡಬಾರದು ಅನ್ನುವ ನಿಯಮ. ನಮ್ಮ ಕಡೆಯ ಸೆವೆನ್ಸ್‌ನಲ್ಲಿ ಸಾಮಾನ್ಯವಾಗಿ ಆಫ್‌ಸೈಡ್ ನೋಡುವುದಿಲ್ಲ. ಹಾಕಿಯಲ್ಲೂ ಅದನ್ನು 1990ರ ದಶಕದಲ್ಲೇ ತೆಗೆದುಹಾಕಿದರು. ಸ್ಕೂಲಿನಲ್ಲಿ ಹಾಕಿ, ಊರಲ್ಲಿ ಸೆವೆನ್ಸ್ ಆಡಿದ ಹುಡುಗ ಗೋಲಿಯ ಪಕ್ಕದಲ್ಲೇ ಹೋಗಿ ನಿಲ್ಲುತ್ತಾನೆ. ಅವನಿಗೆ ಅದು ತಪ್ಪು ಅನ್ನಿಸುವುದೇ ಇಲ್ಲ. ಡಿಫೆಂಡರ್‌ಗಳದ್ದು ಇದರ ಇನ್ನೊಂದು ಮುಖ. ಒಬ್ಬೊಬ್ಬರೂ ತಮ್ಮ ಆಳನ್ನು ಹಿಡಿದುಕೊಂಡು ಓಡುತ್ತಾರೆ, ಎದುರಾಳಿಯನ್ನು ಆಫ್‌ಸೈಡ್‌ಗೆ ಬೀಳಿಸುವ ನೇರ ಸಾಲು, ಅಂದರೆ ಲೈನ್ ಅನ್ನುವುದೇ ಇರುವುದಿಲ್ಲ.

ಇದಕ್ಕೆ ನಾನು ಬಳಸಿದ್ದು ಹಗ್ಗ. ಕಾಫಿ ಮೂಟೆ ಬಿಗಿಯುವ ನೀಲಿ ನೈಲಾನ್ ಹಗ್ಗ. ನಾಲ್ಕೂ ಬ್ಯಾಕ್‌ಗಳ, ಅಂದರೆ ಡಿಫೆಂಡರ್‌ಗಳ ಸೊಂಟಕ್ಕೆ ಅದನ್ನು ಸಡಿಲವಾಗಿ ಸುತ್ತಿಸಿ, ಇಬ್ಬರ ನಡುವೆ ಸುಮಾರು ಎಂಟು ಮೀಟರ್ ಬಿಟ್ಟೆ.

"ಇದೆಂತ ಅಣ್ಣಾ, ನಮ್ಮನ್ನ ಕಟ್ಟಿ ಹಾಕ್ತೀರಾ?" ಅಂದ ನಮ್ಮ ಸ್ಟಾಪರ್, ನಡುವಿನ ಡಿಫೆಂಡರ್.

"ಹೌದು. ನೀನು ಒಬ್ಬನೇ ಓಡಿದ್ರೆ ಪಕ್ಕದವನಿಗೆ ಎಳೀಬೇಕು. ಆಗ ಗೊತ್ತಾಗ್ತದೆ."

ಚೆಂಡು ಎಡಕ್ಕೆ ಹೋದರೆ ನಾಲ್ವರೂ ಎಡಕ್ಕೆ. ಚೆಂಡು ಹಿಂದಕ್ಕೆ ಹೋದ ಕೂಡಲೇ ನಾಲ್ವರೂ ಮೇಲೆ. ಮೊದಮೊದಲು ಯಾರಾದರೂ ಒಬ್ಬ ಎಳೆಸಿಕೊಂಡು ಬೀಳುತ್ತಿದ್ದ. ಆಮೇಲೆ ಹಗ್ಗ ಬಿಗಿಯುವ ಮೊದಲೇ ಪಕ್ಕದವನನ್ನು ಕಣ್ಣಂಚಿನಲ್ಲಿ ನೋಡುವುದನ್ನು ಕಲಿತರು. ಹಗ್ಗ ಬಿಚ್ಚಿದ ದಿನ ಆಡುವಾಗಲೂ ಸ್ಟಾಪರ್‌ನ ಕೈ ಆಗಾಗ ಸೊಂಟಕ್ಕೆ ಹೋಗುತ್ತಿತ್ತು. ಅದನ್ನು ನೋಡಿ ನನಗೆ ಆದ ಖುಷಿ ಯಾವ ಗೆಲುವಿಗೂ ಕಡಿಮೆಯಲ್ಲ.

ಮುಂದಿನ ಸಾಲಿನವರಿಗೆ ಇನ್ನೊಂದು ದಾರಿ ಹಿಡಿದೆ. ಪಕ್ಕದ ಗೆರೆಯಿಂದ ಕೈಯಲ್ಲಿ ಎಸೆಯುವ ಥ್ರೋನಿಂದ ನೇರ ಬರುವ ಚೆಂಡಿಗೆ ಆಫ್‌ಸೈಡ್ ಇಲ್ಲ. ಗೋಲಿಯ ಹತ್ತಿರ ನಿಲ್ಲುವ ಚಟ ಇದ್ದವರಿಗೆ, "ಥ್ರೋ ಇದ್ದಾಗ ಎಷ್ಟು ಬೇಕಾದರೂ ನಿಲ್ಲಿ, ಬೇರೆ ಹೊತ್ತಲ್ಲಿ ಬೇಡ" ಅಂದೆ. ಐವತ್ತು ಕೆಜಿ ಮೂಟೆ ಎತ್ತಿ ಎತ್ತಿ ಭುಜ ಗಟ್ಟಿಯಾದ ಹುಡುಗನೊಬ್ಬ ನಮ್ಮಲ್ಲಿದ್ದ. ಅವನ ಥ್ರೋ ಸೀದಾ ಗೋಲ್ ಮುಂದೆ ಬೀಳುತ್ತಿತ್ತು. ನಮ್ಮ ಒಳ್ಳೊಳ್ಳೆ ಗೋಲುಗಳು ಹಾಗೇ ಬಂದವು.

ಪ್ರಾಕ್ಟೀಸ್ ಸಂಜೆ ಐದೂವರೆಗೆ ಮುಗಿಯಲೇಬೇಕಿತ್ತು. ನಮ್ಮ ಕಡೆ ಕತ್ತಲಾದರೆ ಆನೆ ತೋಟದ ದಾರಿಗೆ ಇಳಿಯುತ್ತದೆ, ತೋಟದ ಕೆಲಸಗಾರರ ಸಾಲುಮನೆ, ಅಂದರೆ ಲೈನ್‌ಮನೆಯ ಹುಡುಗರು ನಡೆದೇ ಹೋಗಬೇಕು. ಅದರ ವಿಷಯದಲ್ಲಿ ನಾನು ಐದು ನಿಮಿಷವೂ ಜಾಸ್ತಿ ತೆಗೆದುಕೊಂಡಿಲ್ಲ. ಹೊತ್ತು ಕಡಿಮೆ ಅಂತಲೇ ಓಟ, ಡ್ರಿಲ್ ಎಲ್ಲವನ್ನೂ ಚೆಂಡಿನ ಜೊತೆಗೇ ಮಾಡಿಸಿದೆ. ಸುಮ್ನೆ ಮೈದಾನ ಸುತ್ತಿಸುವುದನ್ನು ಪೂರ್ತಿ ಬಿಟ್ಟೆ.

ಮೊದಲ ಮ್ಯಾಚುಗಳಲ್ಲಿ ಸೋತೆವು. ಒಂದರಲ್ಲಿ ಮೂರು ಗೋಲು ತಿಂದೆವು. ಗ್ಯಾಲರಿಯಿಂದ ಹಳೇ ಆಟಗಾರರು ಕೂಗಾಡಿದರು. ಹುತ್ತರಿ ಹಬ್ಬ ಬರುವ ಹೊತ್ತಿಗೆ ಡ್ರಾಗಳು ಬಂದವು, ಆಮೇಲೆ ಗೆಲುವು.

ನಿಜವಾದ ಪರೀಕ್ಷೆ ಕಾಫಿ ಕುಯ್ಲು. ಅರೇಬಿಕಾ ಮುಗಿಯುತ್ತಿದ್ದಂತೆ ರೊಬಸ್ಟಾ ಹಣ್ಣಾಗುತ್ತದೆ. ಕೆಜಿ ಲೆಕ್ಕದಲ್ಲಿ ಕೂಲಿ, ಭಾನುವಾರವೂ ಕೆಲಸ ಸಿಗುತ್ತದೆ. ಆ ದುಡ್ಡು ಬಿಟ್ಟು ಆಟಕ್ಕೆ ಬಾ ಅಂತ ಹೇಳುವ ಹಕ್ಕು ಯಾವ ಕೋಚಿಗೂ ಇಲ್ಲ ಅಂತ ನಾನು ನಂಬಿದ್ದೇನೆ. ಹಾಗಾಗಿ ಒಂದೊಂದು ಜಾಗಕ್ಕೂ ಇಬ್ಬರನ್ನು ಮೊದಲೇ ತಯಾರು ಮಾಡಿದ್ದೆ. ತೋಟದ ಲೆಕ್ಕ ನೋಡುವ ರೈಟರ್‌ಗಳ ಹತ್ತಿರ ಹೋಗಿ ಮ್ಯಾಚಿನ ದಿನ, ಹೊತ್ತು ಬರೆದ ಚೀಟಿ ಕೊಟ್ಟು ಬಂದೆ. ಅವರಲ್ಲಿ ಕೆಲವರು ಬೆಳಗ್ಗೆ ಬೇಗ ಶುರು ಮಾಡಿಸಿ ಮಧ್ಯಾಹ್ನ ಹುಡುಗರನ್ನು ಬಿಟ್ಟರು. ಬೆಳಗ್ಗೆಯಿಂದ ಹಣ್ಣು ಕುಯ್ದು ಬಂದವನನ್ನು ಮೊದಲ ಅರ್ಧ ಬೆಂಚಿನಲ್ಲಿ ಕೂರಿಸಿ, ಎರಡನೇ ಅರ್ಧದಲ್ಲಿ ಇಳಿಸುತ್ತಿದ್ದೆ. ದಣಿದ ಕಾಲಿನಲ್ಲಿ ಪೂರ್ತಿ ಆಡಿಸಿದರೆ ಸ್ನಾಯು ಹಿಡಿಯುತ್ತದೆ, ಮರುದಿನದ ಕೂಲಿಯೂ ಹೋಗುತ್ತದೆ. ಈ ತಿಂಗಳುಗಳಲ್ಲಿ ಬೇರೆ ತಂಡಗಳು ಒಂಬತ್ತು, ಹತ್ತು ಜನರೊಂದಿಗೆ ಬಂದದ್ದೂ ಉಂಟು. ನಮಗೆ ಒಂದು ದಿನವೂ ಹನ್ನೊಂದಕ್ಕೆ ಕಡಿಮೆಯಾಗಲಿಲ್ಲ. ಪಟ್ಟಿಯಲ್ಲಿ ನಾವು ಮೇಲೆ ಹತ್ತಿದ್ದು ಆಗಲೇ.

ಕೊನೇ ಮ್ಯಾಚಿನಲ್ಲಿ ಮೂರನೇ ಜಾಗಕ್ಕೆ ಒಂದು ಪಾಯಿಂಟ್ ಸಾಕಿತ್ತು. ಒಂದು ಗೋಲು ಮುಂದಿದ್ದೆವು. ಕೊನೆಗೆ ಕಾರ್ನರ್‌ನಿಂದ ಅವರು ಸಮ ಮಾಡಿದರು. ಹೊರಗಿನಿಂದ ಜನ "ಹೋಗಿ, ಹೋಗಿ" ಅಂತ ಕೂಗಿದರು. ನಾನು ಬಾಯಿ ತೆರೆಯುವ ಮೊದಲೇ ಸ್ಟಾಪರ್ ಎರಡೂ ಕೈ ಚಾಚಿ ಲೈನ್ ಸರಿಮಾಡಿದ. ಮುಂದಿನವರು ಚೆಂಡನ್ನು ಮೂಲೆಗೆ ತೆಗೆದುಕೊಂಡು ಹೋಗಿ, ಥ್ರೋ ಸಂಪಾದಿಸಿ, ಮತ್ತೆ ಮೂಲೆಗೇ ಆಡಿದರು. ಸೀಟಿ ಬಿದ್ದಾಗ 1-1. ಗೋಲ್ ವ್ಯತ್ಯಾಸದಲ್ಲಿ ಹಿಂದಿದ್ದ ನಮಗೆ ಆ ಒಂದು ಪಾಯಿಂಟೇ ಮೂರನೇ ಜಾಗ ಕೊಟ್ಟಿತು.

ಈ ಮಳೆಗಾಲದಲ್ಲಿ ಲೈನ್‌ಮನೆಗಳ ಹದಿನೈದರೊಳಗಿನ ಹುಡುಗರನ್ನು ಸೇರಿಸುತ್ತಿದ್ದೇನೆ. ಅವರಿಗೆ ಸೆವೆನ್ಸ್ ಹಿಡಿಯುವ ಮೊದಲೇ ಆಫ್‌ಸೈಡ್ ಹೇಳಿಕೊಡಬೇಕು. ದೊಡ್ಡವರ ತಂಡಕ್ಕೆ ಇನ್ನೊಬ್ಬ ಗೋಲಿ ಬೇಕು. ನಮ್ಮ ಗೋಲಿ ಪಿಕಪ್ ಓಡಿಸುವವನು, ಕುಯ್ಲಿನ ಹೊತ್ತಲ್ಲಿ ಲೋಡು ತೆಗೆದುಕೊಂಡು ಕುಶಾಲನಗರಕ್ಕೆ ಹೋದರೆ ಯಾವಾಗ ಬರುತ್ತಾನೆ ಅಂತ ಹೇಳಲಾಗುವುದಿಲ್ಲ.