ಹೊಳೆ ಬಂದಾಗಿನ ಅಡುಗೆ: ಒಬ್ಬ ಆಚಾರಿಯ ಅನುಭವ

ಸಾವಿರ ಜನರ ಮದುವೆ ಊಟ ಮಾಡಿ ರೂಢಿ ಇರುವವನಿಗೆ ಗಂಜಿ ಕೇಂದ್ರದ ಅಡುಗೆ ಏನು ಮಹಾ ಅಂತ ಕೇಳುವವರಿದ್ದಾರೆ. ಕೊಳಗ ಅದೇ, ಬಟ್ಟಿ ಅದೇ, ಹುಡುಗರೂ ಅವರೇ. ಆದರೆ ಲೆಕ್ಕ ಪೂರ್ತಿ ಬೇರೆ.

ನಾನು ಬಾಗಲಕೋಟೆಯಲ್ಲಿ ಕೇಟರಿಂಗ್ ಮಾಡುವವನು. ನಮ್ಮ ಕಡೆ ಆಚಾರಿ ಅಂತಾರೆ. ಅದಕ್ಕೂ ಮೊದಲು ಪುಣೆಯ ಹೋಟೆಲ್‌ಗಳ ಅಡುಗೆಮನೆಯಲ್ಲಿ ದುಡಿದಿದ್ದೆ. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಒಟ್ಟಿಗೇ ಉಕ್ಕಿ ಬಂದಾಗ ಲೋಕಾಪುರದ ಹತ್ತಿರ ಒಂದು ಕಲ್ಯಾಣ ಮಂಟಪದಲ್ಲಿ ಬಟ್ಟಿ ಹೂಡಿದೆವು. ಘಟಪ್ರಭೆಯ ಈಚೆ ದಂಡೆಯ ಹಳ್ಳಿಗಳ ಜನ ಶಾಲೆಗಳಲ್ಲಿದ್ದರು. ಅವರಿಗೆ ಊಟ ಕಳಿಸುವುದು ನಮ್ಮ ಕೆಲಸ. ಆಗ ಮದುವೆ ಆರ್ಡರ್ ಇರಲಿಲ್ಲ. ಹುಡುಗರೂ ಖಾಲಿ ಇದ್ದರು, ಪಾತ್ರೆಯೂ ಖಾಲಿ ಇತ್ತು.

ಆ ವರ್ಷ ನಾಗರ ಪಂಚಮಿ ಆಗಸ್ಟ್ 5ಕ್ಕೆ ಬಂದಿತ್ತು. ನಮ್ಮ ಕಡೆ ಪಂಚಮಿ ಅಂದರೆ ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ. ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟು ಎಲ್ಲಾ ಮಾಡಿ ಡಬ್ಬಿ ತುಂಬಿಟ್ಟಿರುತ್ತಾರೆ. ನೀರು ಬಂತು ಅಂದಾಗ ಎಷ್ಟೋ ಮಂದಿ ಕಾಗದಪತ್ರದ ಜೊತೆ ಆ ಡಬ್ಬಿಯನ್ನೂ ಎತ್ತಿಕೊಂಡೇ ಓಡಿ ಬಂದಿದ್ದರು. ಮೊದಲ ರಾತ್ರಿ ಶಾಲೆಗಳಲ್ಲಿ ಮಕ್ಕಳ ಹೊಟ್ಟೆ ತುಂಬಿಸಿದ್ದು ನನ್ನ ಅನ್ನವಲ್ಲ, ಆ ಉಂಡಿ. ಬೆಲ್ಲ, ಶೇಂಗಾ, ಎಳ್ಳು. ಒಲೆ ಬೇಡ, ನೀರು ಬೇಡ, ನಾಲ್ಕು ದಿನ ಇಟ್ಟರೂ ಕೆಡುವುದಿಲ್ಲ. ಅದನ್ನು ನೋಡಿದ ಮೇಲೆ ನನ್ನ ತಲೆಯಲ್ಲಿದ್ದ ಮೆನು ಎಲ್ಲಾ ಬದಲಾಯಿತು.

ನೆರೆಯ ಮೊದಲ ದಿನ ಬಿಸಿ ಊಟದ ಹಿಂದೆ ಬೀಳಬಾರದು. ರಸ್ತೆ ಯಾವಾಗ ಮುಚ್ಚುತ್ತದೋ, ಸೇತುವೆ ಮೇಲೆ ಯಾವಾಗ ನೀರು ಹರಿಯುತ್ತದೋ ಹೇಳಲಾಗದು. ಅಂಥ ಹೊತ್ತಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಚಟ್ನಿ, ಗುರೆಳ್ಳು ಚಟ್ನಿ, ಜೊತೆಗೆ ಅವಲಕ್ಕಿ ಮತ್ತು ಬೆಲ್ಲ. ದೋಣಿಯಲ್ಲಿ ಹಾಕಬಹುದು, ಟ್ರ್ಯಾಕ್ಟರ್‌ನಲ್ಲಿ ಹಾಕಬಹುದು. ಊಟದ ಹೊತ್ತು ಮೀರಿ ಹೋದರೂ ಚಿಂತೆ ಇಲ್ಲ. ನೀರು ಬಾರದ ಹಳ್ಳಿಗಳಿಂದ ಹೆಣ್ಣುಮಕ್ಕಳು ರೊಟ್ಟಿ ಬಡಿದು ಕಳಿಸಿದರು. ನಾವು ಅದನ್ನು ಬಿಳಿ ಅರಿವೆಯಲ್ಲಿ ಸುತ್ತಿ, ಮೇಲೆ ಪ್ಲಾಸ್ಟಿಕ್ ಹಾಕಿ ಕಟ್ಟಿದೆವು. ಮಳೆಯ ಗಾಳಿ ತಾಗಿದರೆ ಖಡಕ್ ರೊಟ್ಟಿ ಮೆತ್ತಗಾಗಿ ಬೂಸು ಹಿಡಿಯುತ್ತದೆ. ಹಲ್ಲಿಲ್ಲದ ಅಜ್ಜ ಅಜ್ಜಿಯರಿಗೆ ಆಮೇಲೆ ಬೇಳೆ ಸಾರಿನಲ್ಲಿ ಮುರಿದು ನೆನೆಸಿ ಕೊಟ್ಟರಾಯಿತು.

ಎರಡನೇ ದಿನದಿಂದ ಬಟ್ಟಿ ಹೊತ್ತಿತು. ಈಗ ಲೆಕ್ಕದ ಮಾತು. ಮದುವೆಯಲ್ಲಿ ಒಂದು ಕೆಜಿ ಅಕ್ಕಿಗೆ ಹನ್ನೆರಡು ಜನ ಅಂತ ಹಿಡಿಯುತ್ತೇನೆ. ಅಲ್ಲಿ ಹೋಳಿಗೆ ಇರುತ್ತದೆ, ಬಜ್ಜಿ ಇರುತ್ತದೆ, ಎರಡು ಪಲ್ಯ ಇರುತ್ತದೆ, ಅನ್ನ ಕೊನೆಗೆ ಒಂದು ಹಿಡಿ. ಶಾಲೆಯ ವರಾಂಡದಲ್ಲಿ ಕೂತವರಿಗೆ ಅನ್ನವೇ ಊಟ. ಒಂದು ಕೆಜಿಗೆ ಏಳೆಂಟು ಜನ, ಅಷ್ಟೇ. ಬೇಳೆ ಗಟ್ಟಿಯಾಗಿರಬೇಕು, ಸಾರು ನೀರಾಗಿದ್ದರೆ ರಾತ್ರಿ ಮತ್ತೆ ಹಸಿವು. ಖಾರ ಅರ್ಧ ಮಾಡಿದೆವು. ಬಾಗಲಕೋಟೆ ಜನಕ್ಕೆ ಖಾರ ಕಡಿಮೆ ಮಾಡುವುದು ಅಂದರೆ ಬೈಸಿಕೊಳ್ಳುವ ಕೆಲಸವೇ ಸರಿ, ಆದರೆ ಕೂಸುಗಳೂ ಅದನ್ನೇ ಉಣ್ಣಬೇಕು, ಅಲ್ವಾ? ಖಾರ ಬೇಕಾದವರಿಗೆ ಕೆಂಪು ಚಟ್ನಿ ಬೇರೆ ಇಟ್ಟೆವು.

ಇನ್ನೊಂದು ಲೆಕ್ಕ ಯಾರೂ ಹೇಳಿಕೊಡುವುದಿಲ್ಲ. ಮಧ್ಯಾಹ್ನದ ತಲೆ ಬೇರೆ, ರಾತ್ರಿಯ ತಲೆ ಬೇರೆ. ಹಗಲು ಗಂಡಸರು ದನ ನೋಡಲು ಹೋಗುತ್ತಾರೆ. ದನ ಬಿಟ್ಟು ಬರಲ್ಲ ಅಂತ ಎತ್ತರದ ರಸ್ತೆಯ ಮೇಲೇ ತಾಡಪತ್ರಿ ಕಟ್ಟಿಕೊಂಡು ಉಳಿದವರೂ ಇರುತ್ತಾರೆ. ಕೇಂದ್ರದ ಪಟ್ಟಿಯಲ್ಲಿ ಅವರ ಹೆಸರೇ ಇರುವುದಿಲ್ಲ. ಹಾಗಾಗಿ ತಲಾಟಿ (ಗ್ರಾಮ ಲೆಕ್ಕಿಗ) ಕೊಟ್ಟ ಸಂಖ್ಯೆ ಹಿಡಿದು ಅಡುಗೆ ಮಾಡಿದರೆ ಮಧ್ಯಾಹ್ನ ಮಿಗುತ್ತದೆ, ರಾತ್ರಿ ಸಾಲುವುದಿಲ್ಲ. ನಾವು ಮೇವಿನ ಲಾರಿಯವರ ಹತ್ತಿರ ದೋಸ್ತಿ ಮಾಡಿಕೊಂಡೆವು. ಮೇವು ಎಲ್ಲಿಗೆ ಹೋಗುತ್ತದೋ ಅಲ್ಲಿ ಜನ ಇದ್ದೇ ಇರುತ್ತಾರೆ. ಊಟದ ಡಬ್ಬಿಗಳು ಅದೇ ಲಾರಿಯಲ್ಲಿ ಹೋದವು.

ಹೋಟೆಲ್‌ನಲ್ಲಿ ಕಲಿತ ವಿದ್ಯೆಯಲ್ಲಿ ನಿಜವಾಗಿ ಕೆಲಸಕ್ಕೆ ಬಂದದ್ದು ಅಡುಗೆಯಲ್ಲ, ಗಡಿಯಾರ ಮತ್ತು ಥರ್ಮಾಮೀಟರ್. ಅನ್ನದಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಇರುತ್ತದೆ. ಅದರ ಬೀಜಾಣು ಕುದಿಸಿದರೂ ಸಾಯುವುದಿಲ್ಲ. ಬೆಂದ ಅನ್ನ ಉಗುರು ಬೆಚ್ಚಗೆ ಕೂತರೆ ಅದು ಬೆಳೆದು ವಿಷ ಬಿಡುತ್ತದೆ, ಆಮೇಲೆ ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ವಾಂತಿ ಭೇದಿ ಶುರುವಾದರೆ ಮುನ್ನೂರು ಜನಕ್ಕೆ ಎರಡೇ ಶೌಚಾಲಯ ಇರುವ ಶಾಲೆಯಲ್ಲಿ ಏನಾಗಬಹುದು ಯೋಚಿಸಿ. ಅದಕ್ಕೇ ಊಟ 60 ಡಿಗ್ರಿಗಿಂತ ಕೆಳಗೆ ಇಳಿಯಬಾರದು. ಮುಚ್ಚಳ ಮುಚ್ಚಿದ ಎರಡು ತಾಸಿನೊಳಗೆ ತಟ್ಟೆಗೆ ಬೀಳಬೇಕು. ಡಬ್ಬಿಗೆ ಗೋಣಿಚೀಲ ಸುತ್ತಿ ಕಳಿಸುತ್ತಿದ್ದೆವು. ಮುಚ್ಚಳದ ಮೇಲೆ ಬಳಪದಲ್ಲಿ ಹೊತ್ತು ಬರೆದಿರುತ್ತಿತ್ತು. ಹೊತ್ತು ಮೀರಿದ ಡಬ್ಬಿ ಯಾರು ಕೈ ಮುಗಿದು ಕೇಳಿದರೂ ಬಡಿಸಬಾರದು. ನಮ್ಮ ಹುಡುಗರಿಗೆ ಇದು ಕಷ್ಟವಾಯಿತು, ಅನ್ನ ಚೆಲ್ಲಿ ರೂಢಿ ಇಲ್ಲ.

ಪ್ಲಾಸ್ಟಿಕ್ ಪಾಕೀಟು ನಾವು ಮುಟ್ಟಲಿಲ್ಲ. ಬಿಸಿ ಅನ್ನ ಪಾಕೀಟಿನಲ್ಲಿ ಕಟ್ಟಿದರೆ ಒಳಗೇ ಬೆವರಿ ಹಳಸುತ್ತದೆ. ಎಲ್ಲಿಂದಲೋ ಬಂದ ಮೊಸರನ್ನದ ಪಾಕೀಟುಗಳು ಹುಳಿ ವಾಸನೆ ಹೊಡೆಯುತ್ತಿದ್ದವು. ಕಳಿಸಿದವರ ಮನಸ್ಸು ಒಳ್ಳೆಯದೇ, ಆದರೆ ಎಲ್ಲಾ ಹೊರಗೆ ಚೆಲ್ಲಬೇಕಾಯಿತು. ಒಂದೇ ಶಾಲೆಗೆ ಒಂದೇ ಹೊತ್ತಿಗೆ ಮೂರು ಗಾಡಿ ಚಿತ್ರಾನ್ನ ಬಂದದ್ದೂ ಉಂಟು. ಪಕ್ಕದ ಊರಿಗೆ ಏನೂ ಇಲ್ಲ. ದಯವಿಟ್ಟು ಮೊದಲು ಫೋನ್ ಮಾಡಿ, ಆಮೇಲೆ ಒಲೆ ಹಚ್ಚಿ. ತೆಂಗಿನಕಾಯಿ ಹಾಕಬೇಡಿ, ಬೇಗ ಕೆಡುತ್ತದೆ. ಹುಣಸೆಹುಳಿ ಜಾಸ್ತಿ ಇದ್ದಷ್ಟೂ ಒಳ್ಳೆಯದು.

ನೀರಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹೊಳೆ ನೀರು ನುಗ್ಗಿದ ಊರಿನ ಬಾವಿ, ಬೋರ್ ಯಾವುದನ್ನೂ ನಂಬಬೇಡಿ. ಟ್ಯಾಂಕರ್ ನೀರನ್ನೂ ಕುದಿಸಿಯೇ ಕುಡಿಯಲು ಕೊಡಿ. ಬಡಿಸುವ ಜಾಗದಲ್ಲಿ ಸಾಬೂನು ಇಡಿ.

ಶಾಲೆಗೆ ಹೋದ ಕೂಡಲೇ ನಾನು ಹುಡುಕಿದ್ದು ಬಿಸಿಯೂಟದ ಅಕ್ಕಂದಿರನ್ನು. ಉಗ್ರಾಣದ ಕೀಲಿ ಅವರ ಹತ್ತಿರ, ಯಾವ ಮನೆಯಲ್ಲಿ ಬಾಣಂತಿ ಇದ್ದಾಳೆ, ಯಾರಿಗೆ ಸಕ್ಕರೆ ಕಾಯಿಲೆ, ಯಾರು ನಾಚಿಕೆಯಿಂದ ಸಾಲಿಗೆ ಬರುವುದಿಲ್ಲ ಎಂಬುದೆಲ್ಲಾ ಅವರಿಗೇ ಗೊತ್ತು. ದೊಡ್ಡ ಆಚಾರಿ ಅಂತ ಹೋಗಿ ಅವರಿಗೆ ಹುಕುಂ ಮಾಡಿದರೆ ಕೆಲಸ ಕೆಡುತ್ತದೆ. ಬಡಿಸುವುದು ಪೂರ್ತಿ ಅವರ ಕೈಯಲ್ಲಿ ಬಿಟ್ಟೆ.

ಅಷ್ಟರಲ್ಲಿ ಒಬ್ಬ ಅಜ್ಜಿ ನನ್ನನ್ನು ಕರೆದು ಕೂರಿಸಿಕೊಂಡಳು. "ತಮ್ಮಾ, ಅನ್ನ ಉಂಡ್ ಉಂಡ್ ಹೊಟ್ಟಿ ತುಂಬವಲ್ದು. ಹಿಟ್ಟ ಕೊಡು, ನಾವ ಬಡಕೊಂತೀವಿ" ಅಂದಳು. ಹೌದಲ್ಲ! ಹುಟ್ಟಿದಾಗಿನಿಂದ ದಿನಕ್ಕೆರಡು ಹೊತ್ತು ಜೋಳದ ರೊಟ್ಟಿ ತಿಂದವರಿಗೆ ಹಗಲೂ ರಾತ್ರಿ ಅನ್ನ ಹಾಕಿದರೆ ಅದು ಊಟ ಅನ್ನಿಸುವುದಿಲ್ಲ. ಸ್ಪೇನ್ ಮೂಲದ ಬಾಣಸಿಗ ಹೋಸೆ ಆಂಡ್ರೆಸ್ 2010ರಲ್ಲಿ ಹೈಟಿಯ ಭೂಕಂಪದ ಜಾಗಕ್ಕೆ ಹೋಗಿ ಕಾಳು ಬೇಯಿಸಿದಾಗ, ಅಲ್ಲಿನ ಹೆಣ್ಣುಮಕ್ಕಳು ಹೀಗಲ್ಲ, ಅರೆದು ಸೋಸಿ ಗಟ್ಟಿ ಸಾರು ಮಾಡಬೇಕು ಅಂತ ತಿದ್ದಿದರಂತೆ. ವಿಪತ್ತು ಬಂದ ಕಡೆ ಊಟ ಕೊಡಲು ಆತ ಕಟ್ಟಿದ ವರ್ಲ್ಡ್ ಸೆಂಟ್ರಲ್ ಕಿಚನ್ ಸಂಸ್ಥೆಯವರು ಈಗಲೂ ಹೋದ ಊರಿನ ಅಡುಗೆಯವರನ್ನೇ ಮುಂದೆ ಮಾಡುತ್ತಾರೆ. ಅಜ್ಜಿ ಹೇಳಿದ್ದೂ ಅದನ್ನೇ.

ಜೋಳದ ಹಿಟ್ಟು, ಹಂಚು, ಗ್ಯಾಸ್ ಒಲೆ ತರಿಸಿದೆವು. ವರಾಂಡದ ಒಂದು ಮೂಲೆಗೆ ಗಾಳಿ ತಡೆಯಲು ತಗಡು ನಿಲ್ಲಿಸಿದೆವು. ಹೆಣ್ಣುಮಕ್ಕಳು ಪಾಳಿ ಹಚ್ಚಿಕೊಂಡು ರೊಟ್ಟಿ ಬಡಿದರು. ಅಲ್ಲಿಯವರೆಗೆ ಗೋಡೆಗೆ ಒರಗಿ ಸುಮ್ನೆ ಕೂತಿದ್ದವರು ಜೋರಾಗಿ ಮಾತಾಡಲು, ಒಬ್ಬರ ರೊಟ್ಟಿಗೆ ಇನ್ನೊಬ್ಬರು ಹೆಸರಿಡಲು ಶುರು ಮಾಡಿದರು. ನಮ್ಮ ಪಾಲಿಗೆ ಉಳಿದದ್ದು ಪಲ್ಯ ಮತ್ತು ಬೇಳೆ. ಝುಣಕ ಮಾಡಿದೆ. ಕಡಲೆ ಹಿಟ್ಟು ಹೊಟ್ಟೆಯಲ್ಲಿ ನಿಲ್ಲುತ್ತದೆ, ರೊಟ್ಟಿಗೂ ಹೊಂದುತ್ತದೆ. ನನ್ನ ಅರ್ಧ ಹುಡುಗರನ್ನು ಬೇರೆ ಕೇಂದ್ರಕ್ಕೆ ಕಳಿಸಲು ಆಗಿದ್ದೂ ಇದರಿಂದಲೇ.

ನೀರು ಇಳಿದ ಮೇಲೆ ಜನ ಮನೆ ನೋಡಲು ಹೊರಟರು. ಕೇಂದ್ರ ಖಾಲಿ ಅಂತ ಅಡುಗೆ ನಿಲ್ಲಿಸಬಾರದು. ಒಲೆ ಕೆಸರಲ್ಲಿ, ಜೋಳ ತುಂಬಿಟ್ಟ ನೆಲದೊಳಗಿನ ಹಗೆ ನೀರಲ್ಲಿ. ಮನೆ ತೊಳೆಯುವ ದಿನಗಳಲ್ಲೇ ಹಸಿವು ಜಾಸ್ತಿ. ಆಗ ಊಟದ ಗಾಡಿ ಓಣಿಗೇ ಹೋಗಬೇಕು, ಬೆಳಿಗ್ಗೆ ಉಪ್ಪಿಟ್ಟು, ಮಧ್ಯಾಹ್ನ ರೊಟ್ಟಿ ಬೇಳೆ. ಮನೆಗೊಂದು ಹಂಚು ಮತ್ತು ಹಿಟ್ಟು ಸಿಕ್ಕಿದ ಓಣಿಯಿಂದ ನಾವು ಹಿಂದೆ ಸರಿದೆವು.

ಈಗ ಮಳೆಗಾಲದಲ್ಲಿ ಘಟಪ್ರಭೆಯ ಹಿಡಕಲ್ ಡ್ಯಾಂ ತುಂಬುತ್ತಿದೆ ಅಂತ ಸುದ್ದಿ ಬಂದರೆ ನಾನು ಮೊದಲು ಫೋನ್ ಮಾಡುವುದು ರೊಟ್ಟಿ ಮಾಡಿ ಮಾರುವ ಅಕ್ಕಂದಿರಿಗೆ. ಆರ್ಡರ್ ಮುಂಚೆಯೇ ಕೊಡಬೇಕು. ಜಡಿಮಳೆ ಹಿಡಿದ ಮೇಲೆ ಕೇಳಿದರೆ ಅವರು ಬೈಯುತ್ತಾರೆ, ಆ ಹವೆಗೆ ರೊಟ್ಟಿ ಖಡಕ್ ಆಗುವುದಿಲ್ಲ.