ಹೊಸಬರಿಗೆ ಮಾರ್ಗದರ್ಶಿ: ಡೈನರ್‌ನಲ್ಲಿ ಸ್ಯಾಂಡ್‌ವಿಚ್ ತಿನ್ನುವುದು

ನ್ಯೂಜೆರ್ಸಿಗೆ ಬಂದವರು ಇವತ್ತಲ್ಲ ನಾಳೆ ಡೈನರ್‌ಗೆ, ಅಂದರೆ ಕೂರಿಸಿ ಬಡಿಸುವ ಸಾದಾ ಅಮೆರಿಕನ್ ಹೋಟೆಲ್‌ಗೆ, ಹೋಗಲೇಬೇಕು. ಮಕ್ಕಳು ಸ್ವಲ್ಪ ಗಲಾಟೆ ಮಾಡಿದರೂ ಅಲ್ಲಿ ಯಾರೂ ಮುಖ ಸಿಂಡರಿಸುವುದಿಲ್ಲ. ಬೆಳಗಿನ ಆಮ್ಲೆಟ್ ರಾತ್ರಿಯೂ ಸಿಗುತ್ತದೆ. ಮೆನು ಮಾತ್ರ ಪಂಚಾಂಗದಷ್ಟು ಉದ್ದ.

ಒಳಗೆ ಹೋದಾಗ

ಇದು ದರ್ಶಿನಿ ಅಲ್ಲ. ಖಾಲಿ ಟೇಬಲ್ ಕಂಡ ತಕ್ಷಣ ಕರ್ಚೀಫ್ ಹಾಕಲು ಓಡಬೇಡಿ. ಬಾಗಿಲ ಹತ್ತಿರ ನಿಂತರೆ ಎಷ್ಟು ಜನ ಅಂತ ಕೇಳಿ ಕೂರಿಸುತ್ತಾರೆ. ನೀರು ಪುಕ್ಕಟೆ, ಆದರೆ ಐಸ್ ತುಂಬಿ ಬರುತ್ತದೆ. ಬೇಡವಾದರೆ ಮೊದಲೇ ಹೇಳಿ.

ಮಾಂಸದ ವಿಷಯ (ಇದನ್ನು ಪೂರ್ತಿ ಓದಿ)

ಸ್ಯಾಂಡ್‌ವಿಚ್ ಹೆಸರು ನೋಡಿ ಒಳಗೇನಿದೆ ಅಂತ ಊಹಿಸಬೇಡಿ. ಅರ್ಧ ತಿಂದ ಮೇಲೆ ಗೊತ್ತಾಗಿ ಕಣ್ಣೀರು ಹಾಕಿದವರನ್ನು ನಮ್ಮ ಕನ್ನಡ ಸಂಘದಲ್ಲೇ ನೋಡಿದ್ದೇವೆ.

ರೂಬೆನ್ ಅಂದರೆ ರೈ ಎಂಬ ಧಾನ್ಯದ ಬ್ರೆಡ್, ಸ್ವಿಸ್ ಚೀಸ್, ಹುಳಿ ಬರಿಸಿದ ಎಲೆಕೋಸು, ರಷ್ಯನ್ ಡ್ರೆಸ್ಸಿಂಗ್, ಜೊತೆಗೆ ಕಾರ್ನ್ಡ್ ಬೀಫ್. ಹೆಸರಲ್ಲಿ ಕಾರ್ನ್ ಇದ್ದರೂ ಆ ಕಾರ್ನ್ಡ್ ಬೀಫ್‌ನಲ್ಲಿ ಮೆಕ್ಕೆಜೋಳ ಇರುವುದಿಲ್ಲ. ಅದು ಮಸಾಲೆ ಹಾಕಿದ ಉಪ್ಪುನೀರಲ್ಲಿ ನೆನೆಸಿ ಬೇಯಿಸಿದ ದನದ ಮಾಂಸ. ಪಾಸ್ಟ್ರಾಮಿ ಕೂಡ ಸಾಮಾನ್ಯವಾಗಿ ದನದ್ದೇ. ಕಾಳುಮೆಣಸು, ಕೊತ್ತಂಬರಿ ಬೀಜ ಸವರಿ, ಹೊಗೆ ಕೊಟ್ಟು, ಹಬೆಯಲ್ಲಿ ಬೇಯಿಸುತ್ತಾರೆ. ವಾಸನೆ ನಮ್ಮ ಮಸಾಲೆ ಥರ ಬರುತ್ತದೆ, ಅದಕ್ಕೇ ಜಾಸ್ತಿ ಜನ ಮೋಸ ಹೋಗುವುದು. ಬಿಎಲ್‌ಟಿಯಲ್ಲಿ (ಬೇಕನ್, ಲೆಟಿಸ್, ಟೊಮ್ಯಾಟೊ) ಬೇಕನ್ ಇರುತ್ತದೆ, ಅಂದರೆ ಹಂದಿ. ಟರ್ಕಿ ಕೋಳಿ ಮಾಂಸದ ಕ್ಲಬ್ ಸ್ಯಾಂಡ್‌ವಿಚ್‌ನಲ್ಲೂ ಬೇಕನ್ ಇಟ್ಟಿರುತ್ತಾರೆ. ಇಲ್ಲಿಯ ಟೇಲರ್ ಹ್ಯಾಮ್ ಕೂಡ ಹಂದಿಯೇ. ಕೊಡಗಿನವರಿಗೆ ಇದೇನು ಸಮಸ್ಯೆಯಲ್ಲ, ಬ್ಯಾರಿ ಮನೆಯವರಿಗೆ ಮುಖ್ಯ. ತಿನ್ನುವವರು ಖುಷಿಯಾಗಿ ತಿನ್ನಿ. ಒಳ್ಳೆಯ ಪಾಸ್ಟ್ರಾಮಿ ಬೇಕಾದವರು ಒಮ್ಮೆ ನ್ಯೂಯಾರ್ಕ್‌ನ ಕ್ಯಾಟ್ಜ್ ಡೆಲಿಗೆ ಹೋಗಿ ಬನ್ನಿ, 1888ರಿಂದ ಇದೆ.

ಸಸ್ಯಾಹಾರಿಗಳಿಗೆ ಟೊಮ್ಯಾಟೊ ಹಾಕಿದ ಗ್ರಿಲ್ಡ್ ಚೀಸ್ ಸ್ಯಾಂಡ್‌ವಿಚ್ ಇದೆ. ರೈ ಬ್ರೆಡ್‌ನಲ್ಲಿ ಮಾಡಿಕೊಡಿ ಅಂತ ಹೇಳಿ, ಅದರ ಕ್ಯಾರವೇ ಕಾಳು ಜೀರಿಗೆಯ ನೆನಪು ತರುತ್ತದೆ. ಆದರೆ ಅದೇ ಕಾವಲಿಯಲ್ಲಿ ಬೇಕನ್ ಹುರಿದಿರುತ್ತಾರೆ. ಬೇರೆ ಪ್ಯಾನ್‌ನಲ್ಲಿ ಮಾಡಿಕೊಡಿ ಅಂತ ಕೇಳಿ, ಸಂಕೋಚ ಬೇಡ. ತರಕಾರಿ ಸೂಪ್‌ಗೂ ಕೋಳಿ ಅಥವಾ ದನದ ಸಾರು ಹಾಕಿರಬಹುದು. ಮೇಯನೇಸ್‌ನಲ್ಲಿ ಮೊಟ್ಟೆ ಇರುತ್ತದೆ, ಆದ್ದರಿಂದ ಅದನ್ನು ಬೆರೆಸಿದ ಎಲೆಕೋಸಿನ ಸಲಾಡ್ ಕೋಲ್‌ಸ್ಲಾದಲ್ಲೂ ಇರುತ್ತದೆ. ಡಿಸ್ಕೊ ಫ್ರೈಸ್ (ಚೀಸ್, ಗ್ರೇವಿ ಸುರಿದ ಆಲೂಗಡ್ಡೆ ಫ್ರೈಸ್) ಮೇಲಿನ ಗ್ರೇವಿ ಸಾಮಾನ್ಯವಾಗಿ ಮಾಂಸದ್ದು.

ಅವರು ಕೇಳುವುದು

- ಬ್ರೆಡ್: ವೈಟ್, ವೀಟ್, ರೈ
- ಟೋಸ್ಟ್ ಮಾಡಬೇಕಾ
- ಯಾವ ಚೀಸ್
- ಫ್ರೈಸ್ ಅಥವಾ ಕೋಲ್‌ಸ್ಲಾ

ತಿನ್ನುವಾಗ

ಕೈಯಲ್ಲೇ ತಿನ್ನಿ, ಎಲ್ಲರೂ ಹಾಗೇ ತಿನ್ನುತ್ತಾರೆ. ಕ್ಲಬ್‌ಗೆ ಚುಚ್ಚಿದ ಕಡ್ಡಿ ಮೊದಲು ತೆಗೆಯಿರಿ, ಮಕ್ಕಳಿದ್ದರಂತೂ ಮರೆಯಬೇಡಿ. ಜೊತೆಗೆ ಬರುವ ಉಪ್ಪುನೀರಿನ ಸೌತೆಕಾಯಿಯಲ್ಲಿ ಖಾರ ಹುಡುಕಬೇಡಿ. ಹಾಟ್ ಸಾಸ್ ಕೇಳಿದರೆ ಕೊಡುತ್ತಾರೆ. ಚಟ್ನಿಪುಡಿ ಪೊಟ್ಟಣ ಸದ್ದಿಲ್ಲದೆ ತೆಗೆದರೆ ಸರಿ, ಆದರೆ ಚಿತ್ರಾನ್ನದ ಡಬ್ಬಿ ಬಿಚ್ಚಬೇಡಿ. ಉಳಿದದ್ದಕ್ಕೆ ಬಾಕ್ಸ್ ಕೇಳಿ. ಒಬ್ಬರ ಸ್ಯಾಂಡ್‌ವಿಚ್ ಇಬ್ಬರಿಗಾಗುತ್ತದೆ.

ಟಿಪ್ಸ್

ಇದರ ಬಗ್ಗೆ ಹೇಳಿ ಹೇಳಿ ಸಾಕಾಗಿದೆ. ಟಿಪ್ಸ್ ಇಲ್ಲಿ ಸಂಬಳದ ಭಾಗ. ಫೆಡರಲ್ ಕಾನೂನಿನಲ್ಲಿ ಟಿಪ್ಸ್ ಪಡೆಯುವವರ ಕನಿಷ್ಠ ನಗದು ಕೂಲಿ ಗಂಟೆಗೆ 2.13 ಡಾಲರ್, 1991ರಿಂದ ಏರಿಲ್ಲ. ನ್ಯೂಜೆರ್ಸಿಯಲ್ಲಿ ಅದಕ್ಕಿಂತ ಜಾಸ್ತಿ, ಆದರೂ ಸಾಮಾನ್ಯ ಕನಿಷ್ಠ ಕೂಲಿಗಿಂತ ತುಂಬಾ ಕಡಿಮೆ. ಹಾಗಾಗಿ ಶೇ. 18ರಿಂದ 20 ಕೊಡಿ. 40 ಡಾಲರ್ ತಿಂದರೆ 8 ಡಾಲರ್. ಶೇ. 6.625 ಟ್ಯಾಕ್ಸ್ ಬೇರೆ, ಅದು ಬಡಿಸಿದವರ ಕೈಗೆ ಹೋಗುವುದಿಲ್ಲ. ಅದನ್ನೇ ಟಿಪ್ಸ್ ಅಂದುಕೊಂಡು ಎದ್ದು ಬರುವುದು ಬೇಡ.

ರಾಜ್ಯೋತ್ಸವ ಮುಗಿಸಿ, ಕೊರಳಲ್ಲಿ ಹಳದಿ ಕೆಂಪು ಶಾಲು ಹಾಕಿಕೊಂಡೇ ಗುಂಪಾಗಿ ಹೋಗುತ್ತೀರಿ ಅಲ್ವಾ? ಎರಡು ಗಂಟೆ ಟೇಬಲ್ ಹಿಡಿದು, ಬಿಲ್ ಹತ್ತು ಭಾಗ ಮಾಡಿಸಿ, ಚಿಲ್ಲರೆ ಇಟ್ಟು ಬಂದರೆ ಆ ಶಾಲಿಗೆ ಕೆಟ್ಟ ಹೆಸರು. ದೊಡ್ಡ ಗುಂಪಿಗೆ ಕೆಲವು ಕಡೆ ಟಿಪ್ಸ್ ಬಿಲ್‌ನಲ್ಲೇ ಸೇರಿಸಿರುತ್ತಾರೆ. ಬಿಲ್ ನೋಡಿ, ಎರಡು ಸಲ ಕೊಡಬೇಡಿ.

ಬಹಳ ಕಡೆ ಬಾಗಿಲ ಬಳಿಯ ಕೌಂಟರ್‌ನಲ್ಲಿ ಹಣ ಕಟ್ಟಬೇಕು. ನಗದು ಟಿಪ್ಸ್ ಟೇಬಲ್ ಮೇಲೆ ಇಡಿ.